ಹೆಡ್‌ಮಾಸ್ಟರರ ಮುದುಡಿದ ಕಿವಿ

ಮೊನ್ನೆ ಅಪ್ಪನ ಮಂಡಿ ತೋರಿಸಲು ರಾಮದಾಸಪೇಠದ ಆಸ್ಪತ್ರೆಯಲ್ಲಿ ಕೂತಿದ್ದೆವು. ಪಕ್ಕದ ಕುರ್ಚಿಯಿಂದ ನೀಲಗಿರಿ ಎಣ್ಣೆಯ ವಾಸನೆ ಬಂತು. ತಟ್ಟನೆ ನಮ್ಮ ಹೆಡ್‌ಮಾಸ್ಟರು ನೆನಪಾದರು. ಅವರು ವರಾಂಡದಲ್ಲಿ ಕಾಣಿಸುವ ಮೊದಲೇ ಈ ವಾಸನೆ ನಮ್ಮ ತರಗತಿ ಮುಟ್ಟುತ್ತಿತ್ತು...

ನಲವತ್ತು ದಾಟಿದ, ಅಗಲ ಹೆಗಲಿನ ಮನುಷ್ಯ. ಎಡಗಿವಿ ಒಣ ಅಂಜೂರದ ಹಾಗೆ ಮುದುಡಿತ್ತು. ಕಲಕತ್ತೆಯಿಂದ ಬಂದವರು. ದೇಶದ ತಂಡಕ್ಕೆ ರಗ್ಬಿ ಆಡಿದ್ದೇನೆ ಎಂದು ಮೊದಲ ದಿನದ ಪ್ರಾರ್ಥನೆಯಲ್ಲೇ ಹೇಳಿದ್ದರು. ನಮ್ಮ ರೈಲ್ವೆ ಕಾಲೊನಿಯಲ್ಲಿ ಯಾರೂ ನಂಬಲಿಲ್ಲ. ಕ್ರಿಕೆಟ್ ಎಂದಿದ್ದರೆ ಒಂದು ಮಾತು. ಕಿವಿ ಹಾಗಾದದ್ದು ಪೊಲೀಸರ ಏಟಿಗೆ ಎಂದು ಯಾರೋ ಹೇಳಿದರು. ಅದನ್ನು ಮಾತ್ರ ಎಲ್ಲರೂ ನಂಬಿದರು.

ಅವರು ಹುಡುಗಿಯರ ರಗ್ಬಿ ತಂಡ ಕಟ್ಟಿ ನನ್ನನ್ನೂ ಸೇರಿಸಿಕೊಂಡ ಮೇಲಂತೂ, ಗದಗಿನಿಂದ ಈ ಪರಭಾಷೆಯ ಊರಿಗೆ ವರ್ಗವಾಗಿ ಬಂದಿದ್ದ ಅಪ್ಪನ ಅನುಮಾನ ಗಟ್ಟಿಯಾಯಿತು.

“ಹುಡುಗ್ಯಾರಿಗೆ ಬೀಳೂದು ಕಲಸ್ತಾನಂತ! ಈ ಮನಶಾ ಬರೋಬರ್ ಇಲ್ಲ,” ಎಂದು ಅಮ್ಮನೆದುರು ಗುಡುಗಿದ. ಸಂಜೆಯಾದರೆ ಮೈದಾನದ ಬೇವಿನ ಕೆಳಗೆ ತಾನೇ ಕಾವಲು ಕೂರತೊಡಗಿದ.

ಹೆಡ್‌ಮಾಸ್ಟರು ನಮ್ಮನ್ನು ಮುಟ್ಟುತ್ತಿರಲಿಲ್ಲ. ತಾವೇ ಚೆಂಡು ಹಿಡಿದು ಓಡಿಬರುತ್ತಿದ್ದರು. ನಾವು ಕಾಲು ತಬ್ಬಿ ಕೆಡವಬೇಕು. ಬೀಳುತ್ತಿದ್ದರು, ಮಣ್ಣು ಕೊಡವಿ ಏಳುತ್ತಿದ್ದರು.

“ಇಷ್ಟು ಬಿದ್ರೂ ನಗತಾನಲ್ಲ... ಏನೋ ಐತಿ ಇದರಾಗ,” ಎನ್ನುತ್ತಿದ್ದ ಅಪ್ಪ.

ಕೆಲವು ಪಾಲಕರು ದೂರು ಕೊಟ್ಟರು. ಶಾಲಾ ಸಮಿತಿ ಸಭೆ ಕರೆಯಿತು. ಅವರ ನಡತೆಯ ಬಗ್ಗೆ ಕೇಳಿದಾಗ ಅಪ್ಪ ಎದ್ದು ನಿಂತು, ದಿನಾ ನೋಡಿದ್ದೇನೆ, ತಪ್ಪು ಕಂಡಿಲ್ಲ ಎಂದನಂತೆ. ರಗ್ಬಿ ಆಡಿದ್ದು ನಿಜವೇ ಎಂದಾಗ ಕೂತುಬಿಟ್ಟನಂತೆ. ಸಮಿತಿಯವರು ಸಾಕ್ಷಿ ಕೇಳಿದರು.

“ಆಡಿದ್ದೇನೆ ಅಂತ ಹೇಳಿದೆನಲ್ಲ,” ಎಂದರಂತೆ ಹೆಡ್‌ಮಾಸ್ಟರು ಹಿಂದಿಯಲ್ಲಿ. “ನನ್ನ ಮಾತೇ ಸಾಲದಿದ್ದರೆ ಮಕ್ಕಳಿಗೆ ಪಾಠ ಹೇಗೆ ಹೇಳಲಿ?” ಮರುದಿನವೇ ರಾಜೀನಾಮೆ ಕೊಟ್ಟರು.

ಅವರನ್ನು ಬೀಳ್ಕೊಡಲು ನಮ್ಮ ತಂಡ ಸ್ಟೇಷನ್ನಿಗೆ ಹೋಯಿತು. ಅಪ್ಪನೂ ಅಲ್ಲೇ ಡ್ಯೂಟಿಯಲ್ಲಿದ್ದ. ಅವರನ್ನು ಕರೆದೊಯ್ಯಲು ಕಲಕತ್ತೆಯ ಗೆಳೆಯರೊಬ್ಬರು ಬಂದಿದ್ದರು. ಆ ದೈತ್ಯನ ಎರಡೂ ಕಿವಿ ಹಾಗೇ ಮುದುಡಿದ್ದವು! ಇಬ್ಬರೂ ರಗ್ಬಿ ಆಟದಲ್ಲಿ ಮಾಡುವ ಹಾಗೆ ತಲೆ ತಗ್ಗಿಸಿ, ಕಿವಿಗೆ ಕಿವಿ ಉಜ್ಜುವಂತೆ ಹೆಗಲಿಗೆ ಹೆಗಲು ಕೊಟ್ಟು, ಪ್ಲಾಟ್‌ಫಾರ್ಮ್ ಮೇಲೆಯೇ ಒಬ್ಬರನ್ನೊಬ್ಬರು ನೂಕಾಡಿ ನಕ್ಕರು. ಅಪ್ಪ ಒಮ್ಮೆ ಇವರ ಕಿವಿ ನೋಡಿದ, ಒಮ್ಮೆ ಅವರದು. ಆಮೇಲೆ ಹಮಾಲನನ್ನು ಸರಿಸಿ ಹೆಡ್‌ಮಾಸ್ಟರರ ಟ್ರಂಕನ್ನು ತಾನೇ ಹೊತ್ತು ಡಬ್ಬಿಯೊಳಗಿಟ್ಟ. ಹೆಡ್‌ಮಾಸ್ಟರು ಅಪ್ಪನ ಬೆನ್ನು ತಟ್ಟಿದರು.

ಆಸ್ಪತ್ರೆಯಲ್ಲಿ ಅಪ್ಪನಿಗೂ ಅವರೇ ನೆನಪಾಗಿರಬೇಕು.

“ಮಂಡಿ ಆರಾಮಾತಂದ್ರ ಒಮ್ಮೆ ಕಲಕತ್ತಾಕ್ಕ ಹೋಗಿ ಅವರನ್ನ ಮಾತಾಡಿಸಿ ಬರೂಣು,” ಎಂದ.

ಹಳೆಯ ಗೆಳತಿಯೊಬ್ಬಳು ತಿಂಗಳ ಹಿಂದೆ ತಿಳಿಸಿದ್ದನ್ನು ನಾನು ಅಪ್ಪನಿಗೆ ಹೇಳಿರಲಿಲ್ಲ.

“ಅವರು ತೀರಿಹೋಗಿ ವರ್ಷಾತಪ್ಪಾ.”

ಅಪ್ಪ ನನ್ನ ಮುಖವನ್ನೇ ನೋಡಿದ. “ಯಾರು ಹೇಳಿದ್ರು? ಖರೇನ? ಸುಳ್ಳ ಸುದ್ದಿ ಇರಬೇಕು... ಇನ್ನೊಮ್ಮೆ ಕೇಳಿ ನೋಡು.”