ಜಾನಕಕ್ಕ ಅಳಿಸದ ಪ್ರತಿ

ಕಾಫಿ ಹಣ್ಣು ಸುಲಿಯುವ ಪಲ್ಪಿಂಗ್ ಶುರುವಾದರೆ ಮಡಿಕೇರಿಯ ಅಂಚಿನಲ್ಲಿರುವ ನಮ್ಮ ಆಫೀಸಿಗೆ ಕಾಫಿ ಸಿಪ್ಪೆಯ ಹುಳಿ ವಾಸನೆ ನುಗ್ಗುತ್ತದೆ. ಇವತ್ತು ಅದು ಬಂದದ್ದೇ ಭಾಗಮಂಡಲದ ಮನೆಯಿಂದಲೇ ನಮಗೆ ಕೋಡು ಬರೆಯುತ್ತಿದ್ದ ಜಾನಕಕ್ಕ ನೆನಪಾದರು. ನೆನಪಾದರು ಎಂದು ಬರೆಯಲು ಅಳುಕು. ನನ್ನ ನೆನಪು ಸದಾ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ನಮ್ಮದು ಎಸ್ಟೇಟುಗಳ ಪಿಕ್ಕಿಂಗ್, ಅಂದರೆ ಹಣ್ಣಿನ ಕೊಯ್ಲಿನ ಲೆಕ್ಕದ ಸಾಫ್ಟ್‌ವೇರ್; ಹಲವರು ವರ್ಷಗಟ್ಟಲೆ ಬರೆದ ದೊಡ್ಡ ಕೋಡು. ಯಾವ ಸಾಲನ್ನು ಯಾರು, ಯಾಕೆ ಬರೆದರೆಂಬ ಚರಿತ್ರೆಯೆಲ್ಲ ಗಿಟ್ ಎಂಬ ದಾಖಲೆಯಲ್ಲಿ ಇರುತ್ತಿತ್ತು; ಒಬ್ಬೊಬ್ಬರ ಬಳಿಯೂ ಅದರ ಪೂರ್ತಿ ಪ್ರತಿ. ಮಳೆಗಾಲದಲ್ಲಿ ನೆಟ್ ಹೋದರೆ ಜಾನಕಕ್ಕ ತಮ್ಮ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಮಡಿಕೇರಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ಅದೇ ಡ್ರೈವು ಅದೇ ಬಸ್ಸಿಗೆ ವಾಪಸು ಹೋಗಬೇಕಿತ್ತು. ಒಮ್ಮೆ ಬಸ್ಸು ಹೊರಡುತ್ತಿದೆಯೆಂದು, ಆಫೀಸಿನ ಹಳೆಯ ಪ್ರತಿಯ ಮೇಲೆ ಹೊಸದು ಅರ್ಧ ಇಳಿದಿರುವಾಗಲೇ, ಡ್ರೈವನ್ನು ಎಳೆದದ್ದಾಯಿತು. ಎಳೆದವರು ಮ್ಯಾನೇಜರ್ ಬೋಪಣ್ಣನವರೆಂದು ನನ್ನ ನೆನಪು. ನಾನೆಂದು ಅವರದು.

ಆ ಹೊತ್ತಿನ ಕೋಡು ಉಳಿಯಿತು, ಅದರ ಚರಿತ್ರೆ ತೆರೆಯದಾಯಿತು. ಹಳೆಯ ಪ್ರತಿಗಳನ್ನು ಅಳಿಸಿ ಹೊಸದಾಗಿ ಶುರು ಮಾಡಿ ಎಂದು ಬೋಪಣ್ಣ ಎಲ್ಲರಿಗೂ ಹೇಳಿದರು. ಜೊತೆಗೆ ಒಂದು ಸಾಲನ್ನು ಕಿತ್ತುಹಾಕಲೂ ಹೇಳಿದರು: ಮಳೆ ಬಿದ್ದ ದಿನ ಕೊಯ್ದ ಹಣ್ಣಿನಲ್ಲಿ ನೀರಿನ ತೂಕವೆಂದು ಕಡಿತ ಮಾಡಬಾರದು ಎಂಬ ಸಾಲು. ಅದು ಹೋದರೆ ಕೊಯ್ಯುವ ಹೆಂಗಸರ ಕೂಲಿಗೇ ಕತ್ತರಿ. ಅದನ್ನು ಜಾನಕಕ್ಕ ಯೋಚಿಸಿಯೇ ಬರೆದದ್ದು ಎಂದು ನಾನು ಆಣೆ ಮಾಡಿ ವಾದಿಸಿದೆ.

"ಪುರಾವೆ ತೋರ್ಸಿ ಮಾರಾಯ್ತಿ" ಎಂದರು ಬೋಪಣ್ಣ.

ಹಟ ಹುಟ್ಟಿತು. ಫೋನು ಮಾಡಿದರೆ ಎಲ್ಲರೂ ವಿಧೇಯರಾಗಿ ಅಳಿಸಿಬಿಟ್ಟಿದ್ದರು, ಒಬ್ಬರನ್ನು ಬಿಟ್ಟು.

"ಹೇಳಿದಾಂಗೆ ಕೇಳಿಕೆ ನಾ ಅಷ್ಟ್ ಒಳ್ಳೆವಳಲ್ಲ" ಎಂದರು ಜಾನಕಕ್ಕ. "ನನ್ನದ್ರಲ್ಲಿ ಎಲ್ಲ ಉಟ್ಟು. ಬಾ."

ಎಲ್ಲವೂ ಇದೆ ಎಂದದ್ದೇ ಲ್ಯಾಪ್‌ಟಾಪು ತಬ್ಬಿಕೊಂಡು ಭಾಗಮಂಡಲದ ಬಸ್ಸು ಹತ್ತಿದೆ. ನಮ್ಮಲ್ಲಿ ಮುರಿದ ತುಂಡುಗಳನ್ನೆಲ್ಲ ಅವರ ಪ್ರತಿಯಿಂದ ತಂದು ಕೂಡಿಸುತ್ತ, ಮತ್ತೆ ಮತ್ತೆ ಪರೀಕ್ಷಿಸುತ್ತ ಕೂತೆವು. ಕೊನೆಗೆ ಗಿಟ್ ತಕರಾರು ನಿಲ್ಲಿಸಿತು. ಆ ಸಾಲಿನ ಚರಿತ್ರೆ ತೆರೆದೆ. ಬರೆದವಳು ನಾನು. ಟಿಪ್ಪಣಿಯೂ ನನ್ನದೇ: "ಬೋಪಣ್ಣ ಸರ್ ಹೇಳಿದ್ದು. ಪಿಕ್ಕಿಂಗಿನವರಿಗೆ ಮಾತು ಕೊಟ್ಟಾಗಿದೆ."

ಜಾನಕಕ್ಕ ನಕ್ಕದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

ಸಾಲೇನೋ ಉಳಿಯಿತು; ನನ್ನ ಆಣೆ ಸುಳ್ಳಾಯಿತು, ನಿಜ. ಆದರೂ ನನ್ನನ್ನೇ ಸುಳ್ಳು ಮಾಡಬಲ್ಲ ಚರಿತ್ರೆಗಾಗಿ ಜಗಳವಾಡಿದ್ದಕ್ಕೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಈ ಸಲ ಕೊಯ್ಲಿನ ನಡುವೆಯೇ ಅಕಾಲ ಮಳೆ. ಇವತ್ತು ಮಧ್ಯಾಹ್ನ ಬೋಪಣ್ಣ ನನ್ನ ಮೇಜಿನ ಬಳಿ ನಿಂತು, ಆ ಸಾಲನ್ನು ಈಗಲಾದರೂ ತೆಗೆಯಬಹುದಲ್ಲ ಎಂದರು. ಈ ಬಾರಿ ನಾನು ನೆನಪನ್ನು ನಂಬಿ ವಾದಿಸಲಿಲ್ಲ.

"ತೆಗೀತೇನೆ ಸರ್. ಕೊಟ್ಟ ಮಾತು ಯಾಕೆ ತಪ್ತಿದ್ದೀರಿ ಅಂತ ನೀವೇ ಟೈಪ್ ಮಾಡಿ. ನಿಮ್ಮ ಹೆಸರಲ್ಲೇ ಚರಿತ್ರೆಗೆ ಹಾಕ್ತೇನೆ."

ಕೀಬೋರ್ಡನ್ನು ಅವರ ಕಡೆ ಸರಿಸಿದೆ. ಅವರು ಮುಟ್ಟಲಿಲ್ಲ.