ನಿದ್ದೆ ಬರಿಸುವ ಶೀಘ್ರಲಿಪಿ ತರಗತಿ

ಆ ಬೀದಿಯಲ್ಲಿ ಅವರನ್ನು ಎಲ್ಲರೂ ಲಿಪಿ ಟೀಚರ್ ಎಂದೇ ಕರೆಯುತ್ತಿದ್ದರು. ನ್ಯಾಯಾಲಯದಲ್ಲಿ ಹತ್ತೊಂಬತ್ತು ವರ್ಷ ಶೀಘ್ರಲಿಪಿಗಾರ್ತಿಯಾಗಿದ್ದು, ನಿಮಿಷಕ್ಕೆ ನೂರ ನಲವತ್ತು ಪದ ಬರೆದು ಬರೆದು ಬಲಗೈ ಹೆಬ್ಬೆರಳು ಸೊಟ್ಟಗಾದ ಮೇಲೆ ಕೆಲಸ ಬಿಟ್ಟು, ಮೂರಂತಸ್ತಿನ ಒಂದು ಹಳೆಯ ಕಟ್ಟಡದ ನೆಲಮಹಡಿಯಲ್ಲಿ ತರಗತಿ ತೆರೆದಿದ್ದರು. ಮುಂದಿನ ಕೋಣೆಯಲ್ಲಿ ಬೆಂಚು, ಕರಿಹಲಗೆ. ಹಿಂದಿನ ಕೋಣೆಯಲ್ಲಿ ಒಲೆ, ಮಂಚ, ಒಂಟಿ ಜೀವ. ಅಕ್ಕ ಮತ್ತು ಭಾವ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿದ್ದರು.

ತರಗತಿ ಶುರುವಾದ ಮೊದಲ ವಾರವೇ ಒಬ್ಬಳು ವಿದ್ಯಾರ್ಥಿನಿ ಬೆಂಚಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ಎರಡನೆಯ ವಾರ ನಾಲ್ವರು. ತಿಂಗಳು ತುಂಬುವುದರೊಳಗೆ ತರಗತಿಗೆ ತರಗತಿಯೇ ತೂಕಡಿಸತೊಡಗಿತು. ಟೀಚರ್ ದನಿ ಏರಿಸಿ ನೋಡಿದರು, ಸ್ಕೇಲಿನಿಂದ ಮೇಜು ಕುಟ್ಟಿ ನೋಡಿದರು. ಒಬ್ಬನನ್ನು ಎದ್ದು ನಿಲ್ಲಿಸಿದರೆ ಅವನು ಗೋಡೆಗೊರಗಿ, ಕುದುರೆಯ ಹಾಗೆ ನಿಂತಲ್ಲೇ ನಿದ್ದೆ ಹೋದ. ಹಾಜರಿ ಕರೆದರೆ ಕಣ್ಣು ಬಿಡದೆಯೇ "ಬಂದಿದೀನಿ ಮೇಡಂ" ಎನ್ನುತ್ತಿದ್ದರು.

ತಪ್ಪು ತನ್ನದೇ ಎಂದು ಟೀಚರ್ ತೀರ್ಮಾನಿಸಿದರು. ಇಷ್ಟು ಸಪ್ಪೆಯಾಗಿ ಪಾಠ ಮಾಡುವವರು ಲೋಕದಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ ಎಂಬ ಕೊರಗು ಹನ್ನೊಂದು ವರ್ಷ ಅವರ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಸಂಜೆಯಾದರೆ ತಲೆ ಸಿಡಿಯುತ್ತಿತ್ತು. ಅದನ್ನು ಹುಡುಗರ ಕಾಗುಣಿತದ ತಲೆಗೆ ಕಟ್ಟಿ ಸುಮ್ಮನಾಗುತ್ತಿದ್ದರು.

ಒಂದು ದಿನ ಭಾವ ಕೈತಪ್ಪಿ ಮೇಲೆ ಬಂದಿದ್ದ ಅಂಚೆ ಕೊಡಲು ಕೆಳಗಿಳಿದು ಬಂದರು. ನೀರು ಸರಬರಾಜು ಇಲಾಖೆಯಲ್ಲಿ ಮೂವತ್ತು ವರ್ಷ ಪಂಪಿನ ಪಾಳಿ ಮಾಡಿ ನಿವೃತ್ತರಾದ ಮನುಷ್ಯ. ಅಂದಿನಿಂದ ರೆಪ್ಪೆಗೆ ರೆಪ್ಪೆ ಅಂಟಿಸಿದವರಲ್ಲ. ಕಂಡ ಡಾಕ್ಟರುಗಳೆಲ್ಲ ಕೈಚೆಲ್ಲಿದ್ದರು. ಪಾಠ ಮುಗಿಯಲಿ ಎಂದು ಹಿಂದಿನ ಬೆಂಚಿನಲ್ಲಿ ಕೂತ ಭಾವ, ಪಾಠ ಮುಗಿದರೂ ಏಳದೆ, ಎರಡು ತಾಸು ಬಾಯಿ ತೆರೆದು ಗೊರಕೆ ಹೊಡೆದರು. ಎದ್ದಾಗ ಅವರ ಕಣ್ಣಲ್ಲಿ ನೀರಿತ್ತು.

"ನಿನ್ನ ಪಾಠ ಅಂದ್ರೆ ಪಾಠ ಕಣಮ್ಮ! ನಾಳೆಯಿಂದ ನನ್ನ ಹೆಸರೂ ಬರ್ಕೋ."

"ಭಾವ, ನಿಮಗ್ಯಾಕೆ ಈ ವಯಸ್ಸಲ್ಲಿ ಶೀಘ್ರಲಿಪಿ?"

"ಲಿಪಿ ಯಾರಿಗೆ ಬೇಕು? ನೀನು ಮಾತಾಡ್ತಾ ಇದ್ರೆ ಸಾಕು."

ಮಾರನೆಯ ದಿನ ಭಾವ ದಿಂಬು ಹಿಡಿದು ಬಂದರು. ವಾರದೊಳಗೆ ಅವರ ಗೆಳೆಯ, ನಿವೃತ್ತ ಬಸ್ ಕಂಡಕ್ಟರ್ ಬಂದರು. ಬಾಯಿಂದ ಬಾಯಿಗೆ ಸುದ್ದಿ ಹರಡಿ, ವರ್ಷ ಕಳೆಯುವಷ್ಟರಲ್ಲಿ ಇಪ್ಪತ್ತು ಮಂದಿಯಲ್ಲಿ ಹದಿಮೂರು ಮಂದಿ ನಿದ್ದೆಗೆಂದೇ ಸೇರಿಕೊಂಡವರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕನ್ನಡಕ ತೆಗೆದಿಟ್ಟು, ಟೀಚರಿಗೆ ಗೌರವದಿಂದ ತಲೆಬಾಗಿ ಮಲಗುತ್ತಿದ್ದರು. ಟೀಚರಿಗೆ ಇದಕ್ಕಿಂತ ಅವಮಾನ ಬೇರೆ ಬೇಕಿರಲಿಲ್ಲ. ಆದರೂ ಕರ್ತವ್ಯ ಕರ್ತವ್ಯವೇ ಎಂದು ಗೊರಕೆಗಳ ನಡುವೆ ವ್ಯಂಜನ ರೇಖೆಗಳನ್ನು ಎಳೆದು ತೋರಿಸುತ್ತಲೇ ಇದ್ದರು.

ಹನ್ನೊಂದನೆಯ ವರ್ಷ ಪಕ್ಕದ ಖಾಲಿ ಜಾಗದಲ್ಲಿ ಹೊಸ ಕಟ್ಟಡಕ್ಕೆ ಪಾಯ ತೋಡಿದರು. ತೋಡುವವರಿಗೆ ತಲೆಸುತ್ತು ಬಂತು. ನೆಲದಡಿ ತುಕ್ಕು ಹಿಡಿದ ಪೀಪಾಯಿಗಳು ಸಿಕ್ಕವು. ಹಿಂದೊಮ್ಮೆ ಅಲ್ಲಿ ತಿರುಪುಮೊಳೆ ಮಾಡುವ ಕಾರ್ಖಾನೆಯಿತ್ತಂತೆ. ಮೊಳೆಗಳ ಎಣ್ಣೆಜಿಡ್ಡು ತೊಳೆದ ರಾಸಾಯನಿಕವನ್ನು ಹಿತ್ತಲಿಗೇ ಸುರಿಯುತ್ತಿದ್ದರಂತೆ. ಕಾರ್ಖಾನೆ ಮುಚ್ಚಿ ಕಾಲವಾಗಿತ್ತು, ಮಾಲೀಕನೂ ಕಾಲವಾಗಿದ್ದ. ಸುರಿದದ್ದು ಮಾತ್ರ ಮಣ್ಣಿನೊಳಗೆ ಹಾಗೇ ಇತ್ತು.

ಪರಿಸರ ಇಲಾಖೆಯ ಅಧಿಕಾರಿಣಿಯೊಬ್ಬರು ಕಲ್ಲಂಗಡಿ ಗಾತ್ರದ ಉಕ್ಕಿನ ಗುಂಡೊಂದನ್ನು ಹೊತ್ತು ಬಂದು ಟೀಚರ ಮೇಜಿನ ಮೇಲೆ ಇಟ್ಟರು.

"ಇದು ಇಡೀ ಒಂದು ದಿನ ಇಲ್ಲೇ ಕೂತು ನಿಮ್ಮ ಕೋಣೆ ಗಾಳಿ ಎಳ್ಕೊಳ್ಳುತ್ತೆ ಮೇಡಂ. ಅಲ್ಲೀವರೆಗೆ ಸೆಂಟು ಹಾಕ್ಬೇಡಿ, ಬಣ್ಣ ಹಚ್ಬೇಡಿ, ಕಿಟಕಿ ತೆಗೀಬೇಡಿ. ಉಳಿದಂತೆ ದಿನಾ ಇದ್ದ ಹಾಗೇ ಇರಿ."

ದಿನಾ ಇದ್ದ ಹಾಗೆಯೇ ಇದ್ದರು. ಟೀಚರ್ ಗುಂಡಿಗೂ ಸೇರಿಸಿ ಪಾಠ ಮಾಡಿದರು. ಇಡೀ ಕೋಣೆಯಲ್ಲಿ ಕೊನೆಯವರೆಗೆ ಎಚ್ಚರವಿದ್ದದ್ದು ಅದೊಂದೇ.

ಹತ್ತು ದಿನಕ್ಕೆ ಫಲಿತಾಂಶ ಬಂತು. ಅಧಿಕಾರಿಣಿ ಕಾಗದ ನೋಡಿದರು, ಟೀಚರನ್ನು ನೋಡಿದರು, ಮತ್ತೆ ಕಾಗದ ನೋಡಿದರು.

"ಇರಬಹುದಾದ ಮಟ್ಟಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇದೆ ಮೇಡಂ. ನೆಲದ ಬಿರುಕಲ್ಲಿ, ಪೈಪಿನ ಸಂದಲ್ಲಿ ಆವಿ ಒಳಗೆ ಬರ್ತಿದೆ. ತಲೆನೋವು, ಮಂಪರು ಏನಾದ್ರೂ ಇತ್ತಾ?"

ಟೀಚರ್ ಕುರ್ಚಿ ಎಳೆದು ಅಧಿಕಾರಿಣಿಯ ಎದುರು ಕೂತರು. "ಮಂಪರು... ಅಂದ್ರೆ, ಹುಡುಗರು ಮಲಗ್ತಿದ್ದದ್ದು ನನ್ನ ಪಾಠದಿಂದ ಅಲ್ವಾ?"

"ಅಲ್ಲ ಮೇಡಂ, ವಿಷದಿಂದ."

"ಇನ್ನೊಂದ್ ಸಲ ಹೇಳಿ."

"ವಿಷದಿಂದ ಮೇಡಂ."

ಟೀಚರ್ ಎದ್ದು ಆ ಹೆಣ್ಣುಮಗಳ ಎರಡೂ ಕೈ ಹಿಡಿದುಕೊಂಡು ಅತ್ತರು. ಆಕೆ ಹೆದರಿಕೆಯಿಂದ ಅಳುತ್ತಿದ್ದಾರೆಂದು ತಿಳಿದ ಅಧಿಕಾರಿಣಿ ಸಮಾಧಾನ ಹೇಳಿದರು. ವಿಷ ಎಂಬ ಮಾತು ಅಷ್ಟು ಹಿತವಾಗಿ ಯಾರ ಕಿವಿಗೂ ಬಿದ್ದಿರಲಾರದು.

ಮರುದಿನವೇ ಇಲಾಖೆಯ ನೋಟೀಸು ಬಂತು. ದುರಸ್ತಿ ಆಗುವವರೆಗೆ ಸದರಿ ಕೋಣೆಯಲ್ಲಿ ಯಾರೂ ದಿನಕ್ಕೆ ನಲವತ್ತು ನಿಮಿಷಕ್ಕಿಂತ ಹೆಚ್ಚು ಉಸಿರಾಡತಕ್ಕದ್ದಲ್ಲ ಎಂದು ಅದರಲ್ಲಿತ್ತು. ತರಗತಿ ಇದ್ದದ್ದು ನಲವತ್ತೈದು ನಿಮಿಷ.

"ಕೊನೇ ಐದು ನಿಮಿಷ ಉಸಿರು ಹಿಡ್ಕೊಂಡ್ರಾಯ್ತು," ಎಂದರು ಕಂಡಕ್ಟರ್.

ಟೀಚರ್ ಒಪ್ಪಲಿಲ್ಲ. ಮಂಚವನ್ನು ಅಕ್ಕನ ಮನೆಗೆ ಸಾಗಿಸಿ ತರಗತಿಗೆ ಬೀಗ ಹಾಕಿದರು. ಇಲಾಖೆಯವರು ಬಿರುಕು ಮುಚ್ಚಿ, ನೆಲ ಕೊರೆದು, ಅಡಿಯಿಂದ ಆವಿ ಎಳೆದು ಸೂರಿನ ಮೇಲಕ್ಕೆ ಬಿಡುವ ಪೈಪು ಮತ್ತು ಫ್ಯಾನು ಕೂರಿಸುವುದಾಗಿ ಹೇಳಿದರು. ಅದು ಕಿವಿಗೆ ಬಿದ್ದದ್ದೇ ತಡ, ಹದಿಮೂರು ಮಂದಿ ದಿಂಬು ಸಮೇತ ಮೆಟ್ಟಿಲ ಮೇಲೆ ಧರಣಿ ಕೂತರು. "ನಮ್ಮ ನಿದ್ದೆ ನಮ್ಮ ಹಕ್ಕು" ಎಂದು ಫಲಕ ಬರೆದವರು ಭಾವ.

"ವಿಷ ಅಂದ್ರೆ ಸಾಯ್ಬೇಕಲ್ವೇನಮ್ಮ? ನಾವು ಮಲಗ್ತಿದೀವಿ ಅಷ್ಟೇ!" ಎಂದರು.

"ಭಾವ, ಯಕೃತ್ತು, ಮೂತ್ರಪಿಂಡ ಎಲ್ಲಾ ಹಾಳಾಗುತ್ತಂತೆ."

"ಇರೋವರೆಗೆ ನಿದ್ದೆ ಮಾಡಿ ಹೋಗ್ತೀನಿ ಬಿಡು."

ಆಗ ಅಕ್ಕ ಮೇಲಿನಿಂದ ಇಳಿದು ಬಂದರು. ಗಂಡನ ಕಂಕುಳಿಂದ ದಿಂಬು ಕಿತ್ತುಕೊಂಡರು. "ನೀವು ಹೋದ್ರೆ ನಿಮಗೆ ನಿದ್ದೆ. ಆಮೇಲೆ ನಿದ್ದೆ ಇಲ್ದೆ ಕೂರೋಳು ನಾನು. ಏಳ್ರಿ ಮೇಲೆ!" ಭಾವ ಎದ್ದರು. ಭಾವ ಎದ್ದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಎದ್ದರು.

ಎಲ್ಲರೂ ರಕ್ತ ಪರೀಕ್ಷೆ ಮಾಡಿಸಿಕೊಂಡರು. ಟೀಚರ ಯಕೃತ್ತು ತುಸು ಊದಿಕೊಂಡಿತ್ತು, ವರ್ಷಕ್ಕೊಮ್ಮೆ ತೋರಿಸಬೇಕೆಂದರು. ಫ್ಯಾನು ತಿರುಗತೊಡಗಿ ಆರು ವಾರಕ್ಕೆ ಗಾಳಿ ಸರಿಹೋಯಿತು. ಟೀಚರ್ ಇಸ್ತ್ರಿ ಸೀರೆ ಉಟ್ಟು ಬಾಗಿಲು ತೆರೆದರು.

ಆ ದಿನ ಯಾರೂ ತೂಕಡಿಸಲಿಲ್ಲ. ಇಪ್ಪತ್ತು ಜೋಡಿ ಕಣ್ಣು ಪಿಳಿಪಿಳಿ ನೋಡುತ್ತಿದ್ದವು. ವಾರ ಕಳೆದು ಒಂಬತ್ತನೆಯ ಪಾಠ ಮುಗಿದಾಗ ಮುಂದಿನ ಬೆಂಚಿನ ಹೆಣ್ಣುಮಗಳು ಕೇಳಿದಳು, "ಹತ್ತನೇ ಪಾಠ ಯಾವ್ದು ಮೇಡಂ?"

ಒಂಬತ್ತನ್ನು ದಾಟಿದ ತರಗತಿ ಇದುವರೆಗೆ ಇರಲೇ ಇಲ್ಲ. ಅಷ್ಟರಲ್ಲಿ ಎಲ್ಲರೂ ಮಲಗಿ, ತಾವೂ ಮಂಪರಿನಲ್ಲಿ ಮತ್ತೆ ಒಂದನೆಯ ಪಾಠಕ್ಕೆ ಮರಳುತ್ತಿದ್ದರು. ಹನ್ನೊಂದು ವರ್ಷ!

"ನಾಳೆ ರಜೆ," ಎಂದರು. ಮೂರು ದಿನ ಅಕ್ಕನ ಮನೆಯ ಬಾಲ್ಕನಿಯಲ್ಲಿ ಕೂತು, ಧೂಳು ಕೊಡವಿ ತೆಗೆದ ತಮ್ಮದೇ ಹಳೆಯ ಪುಸ್ತಕದಿಂದ, ಮರೆತೇಹೋಗಿದ್ದ ಹತ್ತನೆಯ ಪಾಠವನ್ನು ಮತ್ತೆ ಕಲಿತರು. ಮತ್ತೆ ಪಾಠಕ್ಕೆ ನಿಂತಾಗ ಗೊತ್ತಾದ ಸಂಗತಿಯೆಂದರೆ, ಅವರ ಪಾಠ ನಿಜಕ್ಕೂ ಕೊಂಚ ಸಪ್ಪೆಯೇ ಆಗಿತ್ತು. ಹುಡುಗರು ಅದನ್ನು ಮುಖಕ್ಕೆ ಹೇಳಿದರು. ಟೀಚರಿಗೆ ಬೇಸರವಾಗಲಿಲ್ಲ, ಎಚ್ಚರವಿದ್ದವರಲ್ಲವೇ ದೂರುವುದು!

ನಿದ್ದೆಗೆ ಬಂದವರಲ್ಲಿ ಹನ್ನೆರಡು ಮಂದಿ ಬಿಟ್ಟುಹೋದರು. ಭಾವ ಮಾತ್ರ ಉಳಿದರು. ನಿದ್ದೆಯಂತೂ ಇಲ್ಲ, ಕಲಿತಾದರೂ ಕಲಿಯೋಣ ಎಂದು ಹಟಕ್ಕೆ ಬಿದ್ದು ವರ್ಷದೊಳಗೆ ನಿಮಿಷಕ್ಕೆ ಎಂಬತ್ತು ಪದಕ್ಕೆ ಏರಿದರು. ಕಟ್ಟಡದ ನಿವಾಸಿಗಳ ಸಭೆಯಲ್ಲಿ ನಡಾವಳಿ ಬರೆಯುವ ಕೆಲಸ ಅವರಿಗೆ ಸಿಕ್ಕಿತು. ಫ್ಯಾನಿನ ಸದ್ದು ಯಾರ ಕಿಟಕಿಗೆ ಹೆಚ್ಚು ಎಂಬ ಜಗಳ ಒಂದೂವರೆ ತಾಸು ನಡೆಯಿತು. ಭಾವ ಒಂದು ಬೈಗುಳವನ್ನೂ ಬಿಡದೆ ಬರೆದುಕೊಂಡರು. ಕೊನೆಗೆ ಓದಿ ಎಂದಾಗ ಕನ್ನಡಕ ಏರಿಸಿ, ಇಳಿಸಿ, ಪುಸ್ತಕವನ್ನು ನಾದಿನಿಯ ಕೈಗೆ ಕೊಟ್ಟರು.

"ಬರೆಯೋಕೆ ಬಂತಮ್ಮ. ಓದೋದು ಯಾವ ಪಾಠದಲ್ಲಿ ಬರುತ್ತೆ?"

ಟೀಚರ್ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಮೊದಲ ಬೈಗುಳದಿಂದ ಓದಲು ಶುರುಮಾಡಿದರು. ಕೊನೆಯ ಬೈಗುಳದವರೆಗೂ ಯಾರೊಬ್ಬರೂ ಆಕಳಿಸಲಿಲ್ಲ.