ಫುಕುಷಿಮಾದಿಂದ ಬಂದ ನೆರೆಮನೆಯಾಕೆ

ನಮ್ಮ ಎದುರಿನ ಫ್ಲ್ಯಾಟಿಗೆ ಜಪಾನಿನ ಹೆಂಗಸೊಬ್ಬರು ಬಾಡಿಗೆಗೆ ಬಂದಾಗ, ಆಕೆಯ ಬಾಯಿಂದ ಯಾದಗಿರಿ ಕಡೆಯ ಕನ್ನಡ ಕೇಳುತ್ತೇನೆಂದು ನಾನು ಎಣಿಸಿರಲಿಲ್ಲ. ವೈಟ್‌ಫೀಲ್ಡಿನ ಆಚೆಯ ಒಂದು ಕಾರ್ಖಾನೆಯಲ್ಲಿ ಆಕೆಗೆ ಕೆಲಸ. ನಾವಿರುವುದು ಸರ್ಜಾಪುರ ರಸ್ತೆಯಿಂದ ಒಳಗೆ, ಹಿಂದೊಮ್ಮೆ ಕೆರೆಯ ಕೋಡಿ ನೀರು ಹರಿಯುತ್ತಿದ್ದ ತಗ್ಗಿನಲ್ಲಿ ಎದ್ದು ನಿಂತ ಅಪಾರ್ಟ್‌ಮೆಂಟಿನಲ್ಲಿ. ಅವರ ಮನೆಗೂ ನಮ್ಮ ಮನೆಗೂ ಅಡುಗೆಗೆ ಬರುತ್ತಿದ್ದವಳು ಒಬ್ಬಳೇ. ಯಾದಗಿರಿಯಿಂದ ಕಟ್ಟಡದ ಕೆಲಸ ಹುಡುಕಿಕೊಂಡು ಬಂದ ಗಂಡನ ಜೊತೆ, ನಮ್ಮ ಕಾಂಪೌಂಡಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವಳ ಸಂಸಾರ. ಇಂಗ್ಲಿಷು ಅವಳಿಗೆ ಬಾರದು. ಆದ್ದರಿಂದ ಜಪಾನಿನವರೇ ಅವಳ ಭಾಷೆ ಕಲಿತರು.

ಒಂದು ಸಂಜೆ ಕರೆಂಟು ಹೋಗಿ ನೆಲಮಾಳಿಗೆಯ ಜನರೇಟರ್ ಗುಡುಗತೊಡಗಿದಾಗ ನಾನೂ ಆಕೆಯೂ ಕಾರು ನಿಲ್ಲಿಸಿ ಒಟ್ಟಿಗೇ ಇಳಿದೆವು. ಆಕೆ ಲಿಫ್ಟಿನ ಕಡೆ ಬರದೆ ಆ ಯಂತ್ರದ ಮುಂದೆ ನಿಂತುಬಿಟ್ಟರು.

“ಇದನ್ನ ಯಾಕ ಇಷ್ಟು ಕೆಳಗ ಇಟ್ಟೀರಿ?” ಎಂದು ಕೇಳಿದರು.

“ಎಲ್ಲಾ ಕಡೆ ಇಲ್ಲೇ ಇಡ್ತಾರಲ್ಲ. ಸದ್ದು ಮನೆಗಳಿಗೆ ಕೇಳಿಸಲ್ಲ ಅಂತ,” ಎಂದೆ.

ಆಕೆ ತಲೆಯಾಡಿಸಿದರು. ಮನೆಗೆ ಕರೆದು ಚಹಾ ಕೊಟ್ಟು, ಅರ್ಧ ಇಂಗ್ಲಿಷಿನಲ್ಲಿ ಅರ್ಧ ಕನ್ನಡದಲ್ಲಿ ತಮ್ಮ ಊರಿನ ಕತೆ ಹೇಳಿದರು. ಅವರು ಹುಟ್ಟಿ ಬೆಳೆದದ್ದು ಫುಕುಷಿಮಾದ ಅಣುಸ್ಥಾವರದ ಚಿಮಣಿಗಳು ಕಾಣುವಷ್ಟು ಹತ್ತಿರದ ಊರಿನಲ್ಲಿ.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಪರಮಾಣು ಸೀಳುವುದನ್ನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ಆದರೂ 2011ರಲ್ಲಿ ಅಲ್ಲಿ ನಡೆದ ದುರಂತ ಹೇಗಾಯಿತೆಂದು ಅಷ್ಟು ಸ್ಪಷ್ಟವಾಗಿ ಯಾರಿಂದಲೂ ಕೇಳಿರಲಿಲ್ಲ. ಭೂಮಿ ನಡುಗಿದ ಕೂಡಲೇ ಓಡುತ್ತಿದ್ದ ರಿಯಾಕ್ಟರುಗಳು ತಾವಾಗಿಯೇ ನಿಂತವಂತೆ. ಆದರೆ ಬೆಂಕಿ ಆರಿಸಿದ ಮೇಲೂ ಕೆಂಡ ಕಾದೇ ಇರುವ ಹಾಗೆ, ನಿಂತ ರಿಯಾಕ್ಟರಿನೊಳಗಿನ ಇಂಧನ ಬಿಸಿ ಕಾರುತ್ತಲೇ ಇರುತ್ತದೆ. ನೀರು ಹಾಯಿಸಿ ತಣಿಸುತ್ತಲೇ ಇರಬೇಕು. ಅದಕ್ಕೆ ಪಂಪು ಬೇಕು, ಪಂಪಿಗೆ ಕರೆಂಟು ಬೇಕು. ಹೊರಗಿನ ಲೈನು ಕಡಿದುಹೋಗಿತ್ತು, ಜನರೇಟರುಗಳು ಶುರುವಾದವು. ಆಮೇಲೆ ಸಮುದ್ರ ಎದ್ದು ಬಂತು. ಜನರೇಟರುಗಳೂ ಅವುಗಳ ಸ್ವಿಚ್‌ಬೋರ್ಡುಗಳೂ ಹೆಚ್ಚುಪಾಲು ಇದ್ದದ್ದು ನೆಲಮಾಳಿಗೆಯಲ್ಲಿ. ಅಷ್ಟೆತ್ತರದ ಅಲೆ ಬರಬಹುದೆಂದು ಮೊದಲೇ ಲೆಕ್ಕ ಹಾಕಿದವರಿದ್ದರು. ಇನ್ನಷ್ಟು ಅಧ್ಯಯನ ಆಗಲಿ ಎಂದು ಆ ಮಾತನ್ನು ಮುಂದಕ್ಕೆ ಹಾಕಲಾಗಿತ್ತು.

ಊರು ಬಿಡಿ ಎಂದಾಗ ಆಕೆಯ ಅಪ್ಪ ಒಂದೆರಡು ದಿನದಲ್ಲಿ ವಾಪಸಾಗುತ್ತೇವೆಂದುಕೊಂಡು ಹಸುಗಳಿಗೆ ಹುಲ್ಲು ಹಾಕಿ ಹೊರಟರು. ಆ ಹಸುಗಳನ್ನು ಮತ್ತೆ ನೋಡಲಿಲ್ಲ. ಮನೆಯವರೆಲ್ಲ ದೂರದ ಶಾಲೆಯೊಂದರ ಆಟದ ಹಜಾರದಲ್ಲಿ, ರಟ್ಟಿನ ಗೋಡೆಗಳ ನಡುವೆ ಮಲಗಿದರು. ಮುಂದೆ ಆಕೆಯೂ ಅಪ್ಪನೂ ಬೇರೆ ಊರಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ, ಮನೆಯೊಡೆಯ ಕಾರಿನ ನಂಬರಿನಿಂದ ಯಾವ ಕಡೆಯವರೆಂದು ತಿಳಿದು, ವಿಕಿರಣ ಅಂಟುಜಾಡ್ಯವೇನೋ ಎಂಬಂತೆ ಬಾಗಿಲು ಹಾಕಿಕೊಂಡನಂತೆ.

“ಊರು ಬಿಟ್ಟಾಗ ಅಪ್ಪ ಅಳಲಿಲ್ರಿ,” ಎಂದರು. “ಆ ಬಾಗಲ ಮುಂದ ಅತ್ತ.”

ಆಗ ನಾನು ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿ. ಮುಂದಿನ ಸಭೆಯಲ್ಲಿ ಜನರೇಟರನ್ನು ಮೇಲಕ್ಕೆ ತರುವ ವಿಷಯ ಎತ್ತಿದೆ. ಬ್ಯಾಂಕಿನಿಂದ ನಿವೃತ್ತರಾಗಿದ್ದ ನಮ್ಮ ಅಧ್ಯಕ್ಷರು ನಕ್ಕರು. “ಅಲ್ಲ ಮೇಡಂ, ಫುಕುಷಿಮಾಗೂ ನಮಗೂ ಏನ್ ಸಂಬಂಧ ಕಣ್ರೀ? ಬೆಂಗಳೂರಲ್ಲಿ ಸಮುದ್ರ ಎಲ್ಲಿದೆ?”

ಹಿಂದಿನ ಸಾಲಿನಲ್ಲಿ ಕೂತಿದ್ದ ಜಪಾನಿನವರು ಎದ್ದು ನಿಂತರು. “ಸಮುದ್ರ ಇಲ್ರಿ ಸರ್. ಕೆರಿ ಅದ ಅಲ್ರಿ?”

ಆ ಉಚ್ಚಾರಕ್ಕೆ ಎಲ್ಲರೂ ಗೊಳ್ಳೆಂದು ನಕ್ಕರು. ನಗು ಇಳಿದ ಮೇಲೆ ಆಕೆ ಇನ್ನೊಂದು ಸಂಗತಿ ಹೇಳಿದರು. ಆ ಸ್ಥಾವರದಲ್ಲಿ ಸ್ವಲ್ಪ ಎತ್ತರದಲ್ಲಿದ್ದ ಒಂದೇ ಒಂದು ಜನರೇಟರ್ ನೀರಿಗೆ ಸಿಗದೆ ಉಳಿಯಿತಂತೆ. ಆ ಒಂದರಿಂದಲೇ ಎರಡು ರಿಯಾಕ್ಟರುಗಳು ಉಳಿದವಂತೆ. ಈಗ ಯಾರೂ ನಗಲಿಲ್ಲ. ಸದ್ದಿನ ತಕರಾರು, ಖರ್ಚಿನ ತಕರಾರು ಎಲ್ಲ ಮುಗಿಯಲು ಇನ್ನೂ ಕೆಲವು ಸಭೆ ಬೇಕಾದವು. ಕೊನೆಗೆ ಗೇಟಿನ ಪಕ್ಕ ಎತ್ತರದ ಕಟ್ಟೆ ಕಟ್ಟಿಸಿ ಜನರೇಟರನ್ನೂ ಅದರ ಸ್ವಿಚ್‌ಬೋರ್ಡನ್ನೂ ಮೇಲೆ ತಂದೆವು. ಒಂದನೇ ಮಹಡಿಯವರು ಕೆಲವು ದಿನ ನನ್ನ ಜೊತೆ ಮಾತು ಬಿಟ್ಟರು.

ಮಳೆಗಾಲದ ಒಂದು ಬೆಳಿಗ್ಗೆ ಎದ್ದು ನೋಡಿದರೆ ರಸ್ತೆಯೇ ಇರಲಿಲ್ಲ. ಮೇಲಿನ ಕೆರೆ ತುಂಬಿ, ನೀರು ತನ್ನ ಹಳೆಯ ದಾರಿ ಹಿಡಿದು ನಮ್ಮ ನೆಲಮಾಳಿಗೆಗೆ ನುಗ್ಗಿತ್ತು. ಕಾರುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ ತೇಲುತ್ತಿದ್ದವು, ನನ್ನದೂ ಸೇರಿ. ಬೀದಿಯ ಕರೆಂಟು ಹೋಯಿತು. ಕಟ್ಟೆಯ ಮೇಲಿನ ಜನರೇಟರ್ ಒಮ್ಮೆ ಕೆಮ್ಮಿ ಶುರುವಾಯಿತು. ಎದುರು ಬ್ಲಾಕಿನಲ್ಲಿ ಆಮ್ಲಜನಕದ ಯಂತ್ರದ ಆಸರೆಯಲ್ಲಿದ್ದ ಅಜ್ಜನ ಮಗಳು ಬಾಲ್ಕನಿಗೆ ಬಂದು ನನ್ನತ್ತ ಕೈ ಮುಗಿದಳು. ಲಿಫ್ಟು ನಿಂತಿತ್ತು, ಸಂಪಿನ ನೀರು ಕೆಟ್ಟಿತ್ತು. ಆದರೂ ಮನೆಗಳಲ್ಲಿ ದೀಪ ಇತ್ತು.

ಹಿಂದಿನ ಶೆಡ್ಡುಗಳಲ್ಲಿ ನೀರು ಸೊಂಟದವರೆಗೆ ಬಂದಿತ್ತು. ಹಿಂಬದಿ ಗೇಟಿನ ಹೊರಗೆ ಗಂಡಸರು ಹೆಂಗಸರು, ತಲೆಯ ಮೇಲೆ ಗಂಟು, ಹೆಗಲ ಮೇಲೆ ಮಕ್ಕಳು. ನಮ್ಮ ಅಡುಗೆಯವಳೂ ಅವರಲ್ಲಿದ್ದಳು. ಸೆಕ್ಯುರಿಟಿಯವನು ಕೀಲಿ ಹಿಡಿದು ನಿಂತಿದ್ದ.

“ಕಮಿಟಿ ಹೇಳ್ದೆ ಬಿಡಂಗಿಲ್ಲ ಮೇಡಂ,” ಎಂದ ನನಗೆ.

“ನಾನೇ ಹೇಳ್ತಾ ಇದೀನಲ್ಲ, ತೆಗಿ!” ಎಂದೆ. ಅವನು ಅಧ್ಯಕ್ಷರ ಮುಖ ನೋಡಿದ. ಪೈಜಾಮ ಮಡಚಿಕೊಂಡು ನಿಂತಿದ್ದ ಅವರು, “ತಡೀರಿ ತಡೀರಿ, ಯಾರ್ಯಾರು ಬರ್ತಾರೋ ಏನೋ. ಆಮೇಲೆ ಹೆಚ್ಚುಕಮ್ಮಿ ಆದ್ರೆ ನಮ್ಮ ತಲೆಗೇ ಬರುತ್ತೆ,” ಎನ್ನುತ್ತಿದ್ದರು.

ಜಪಾನಿನವರು ಮಂಡಿಯುದ್ದ ನೀರಿನಲ್ಲಿ ನಡೆದು ಬಂದರು. ಜಗಳ ಆಡಲಿಲ್ಲ. ಅಧ್ಯಕ್ಷರ ಎದುರು ನಿಂತು, “ಸರ್, ನಾನೂ ಹಿಂಗೇ ಬಾಗಲದಾಗ ನಿಂತಿದ್ದೆ,” ಎಂದರು.

ಅಧ್ಯಕ್ಷರು ಆಕೆಯನ್ನು ನೋಡಿದರು, ಗೇಟಿನಾಚೆ ನೋಡಿದರು. ಸೆಕ್ಯುರಿಟಿಯವನ ಕೈಯಿಂದ ಕೀಲಿ ಕಿತ್ತುಕೊಂಡು ತಾವೇ ಗೇಟು ತೆಗೆದರು. “ಬನ್ನಿ, ಬೇಗ ಬನ್ರಪ್ಪ, ಮಕ್ಕಳನ್ನ ಮೊದಲು ಕೊಡಿ,” ಎಂದು ಕೈ ಚಾಚಿದರು. ಒದ್ದೆ ಕೂಸೊಂದು ಅವರ ಎದೆಗೆ ಬಂದು ಬಿತ್ತು.

ಮೇಲಿನ ಕ್ಲಬ್‌ಹೌಸಿನಲ್ಲಿ ಯೋಗದ ಚಾಪೆಗಳನ್ನೆಲ್ಲ ಹಾಸಿದೆವು. ಟೇಬಲ್ ಟೆನಿಸ್ ಮೇಜಿನ ಮೇಲೆ ಒಂದೊಂದು ಮನೆಯಿಂದ ಒಂದೊಂದು ಪಾತ್ರೆ ಬಂತು: ಅವಲಕ್ಕಿ, ಚಿತ್ರಾನ್ನ, ಬ್ರೆಡ್ಡು. ನಮ್ಮ ಅಡುಗೆಯವಳು ನನ್ನ ಅಡುಗೆಮನೆ ಹೊಕ್ಕು, ಅಪಾರ್ಟ್‌ಮೆಂಟಿನ ನಾಲ್ಕಾರು ಹೆಂಗಸರನ್ನು ಕೂರಿಸಿಕೊಂಡು ರೊಟ್ಟಿಗೆ ಹಚ್ಚಿದಳು. “ಅಕ್ಕಾರ, ರೊಟ್ಟಿ ಬಡಿಯೂದಂದ್ರ ಲ್ಯಾಪ್‌ಟಾಪ್ ಕುಟ್ಟಿದಂಗ ಅಲ್ರಿ, ಸ್ವಲ್ಪ ರಟ್ಟಿ ಹಚ್ರಿ,” ಎಂದು ಅವಳು ಅವರನ್ನು ಗದರಿದ್ದಕ್ಕೆ ನಕ್ಕು ನಕ್ಕು ಸುಸ್ತಾದೆವು. ಜಪಾನಿನವರು ಅನ್ನದ ಉಂಡೆ ಕಟ್ಟಿ ಒಳಗೆ ಮಾವಿನಕಾಯಿ ಉಪ್ಪಿನಕಾಯಿ ಇಟ್ಟು ಹಂಚಿದರು. ಶಾಲೆಯ ಆಟದ ಹಜಾರದಲ್ಲಿ ಮಲಗಿದ್ದಾಗ ಯಾರೋ ಅಪರಿಚಿತರು ತಮಗೆ ಕೊಟ್ಟದ್ದು ಅಂಥದ್ದೇ ಉಂಡೆ ಎಂದು ನನಗೊಬ್ಬಳಿಗೇ ಮೆಲ್ಲಗೆ ಹೇಳಿದರು.

ನೀರು ಇಳಿಯಿತು. ಆ ಶೆಡ್ಡುಗಳು ಮತ್ತೆ ಅದೇ ತಗ್ಗಿನಲ್ಲಿ ಏಳಲಿಲ್ಲ. ಅಧ್ಯಕ್ಷರೇ ಅಲ್ಲಿದ್ದವರನ್ನು ಕೆಲಸಕ್ಕೆ ತಂದಿದ್ದ ಕಂಟ್ರಾಕ್ಟರನ ಹಿಂದೆ ಬಿದ್ದು, ಜಾಗದ ಮಾಲೀಕನ ಜೊತೆ ಜಗಳವಾಡಿ, ರಸ್ತೆಯಾಚೆಯ ದಿಬ್ಬದ ಮೇಲೆ ಸಿಮೆಂಟು ನೆಲದ ಕೋಣೆಗಳನ್ನು ಕಟ್ಟಿಸಿದರು. ಈಗ ವಾರಕ್ಕೊಮ್ಮೆ ನಾನು ಅಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ.

ಈ ವರ್ಷ ಆಕೆಯ ಊರಿನಲ್ಲಿ ಅವರ ಮನೆಯಿರುವ ಓಣಿಗೂ ಹಿಂತಿರುಗಲು ಅನುಮತಿ ಸಿಕ್ಕಿತು. ಮೇಲುಮಣ್ಣು ಕೆರೆದು ತೆಗೆದ ಗದ್ದೆಯಲ್ಲಿ ಅಪ್ಪ ಮತ್ತೆ ಭತ್ತ ಹಾಕಲು ಹೊರಟಿದ್ದಾರೆ. ಮೊದಲೇ ವಾಪಸಾದ ಪಕ್ಕದ ಓಣಿಗಳವರು ಬೆಳೆದ ಅಕ್ಕಿಯನ್ನು ಸರ್ಕಾರದವರು ಪರೀಕ್ಷಿಸಿ, ತಿನ್ನಬಹುದೆಂದು ಹೇಳಿದ್ದಾರಂತೆ. ಮೊನ್ನೆ ನಮ್ಮ ಮನೆಯಲ್ಲಿ ಕೂತೇ ಆಕೆ ಅಪ್ಪನಿಗೆ ವಿಡಿಯೊ ಕರೆ ಮಾಡಿದರು. ಗದ್ದೆಯ ಬದುವಿನ ಮೇಲೆ ನಿಂತ ಸಣ್ಣ ದೇಹದ ಮುದುಕರು, ರಬ್ಬರ್ ಬೂಟು, ಕೆಸರು ಕೈ. ನನ್ನನ್ನು ಕಂಡು ಸೊಂಟ ಬಗ್ಗಿಸಿ ನಮಸ್ಕರಿಸಿದರು.

“ಊರಿಗೇ ಹೋಗಿಬಿಡ್ತೀರಾ?” ಎಂದು ಕೇಳಿದೆ.

ಆಕೆ ಕರೆ ಮುಗಿಸಿ ಫೋನು ಕೆಳಗಿಟ್ಟರು. “ಅದು ಇನ್ನೂ ಗೊತ್ತಿಲ್ರಿ. ಈ ಸಲ ನಾಟಿಗೆ ಹೋಗಿ ಬರ್ತೀನಿ. ಅಪ್ಪಗ ಬೆನ್ನುನೋವು ಅದ, ಒಬ್ಬನೇ ಎಷ್ಟು ಬಗ್ತಾನ?”